ನಲವತ್ತೊಂದು ಆಮೆನ್

ಅಪ್ಪ ಚರ್ಚಿನ ಸಭಾಪಾಲಕರು, ಮಗ ಲೀಡರ್‌ಶಿಪ್ ಕೋಚ್. ಅಪ್ಪ ಭಾನುವಾರ ಪುಕ್ಕಟೆ ಹೇಳುತ್ತಿದ್ದುದನ್ನೇ ಮಗ ಸೋಮವಾರದಿಂದ ಶುಕ್ರವಾರದವರೆಗೆ ಕಂಪನಿಗಳಿಗೆ ಹೇಳುತ್ತಿದ್ದ, ವ್ಯತ್ಯಾಸ ಅಷ್ಟೇ. ಪ್ರಳಯಕ್ಕೆ ಮುಂಚೆಯೇ ನಾವೆ ಕಟ್ಟಿದ ನೋಹ ಇವನ ಬಾಯಲ್ಲಿ ದೂರಾಲೋಚನೆಯ ಮ್ಯಾನೇಜರ್ ಆಗುತ್ತಿದ್ದ. ಕಳೆದುಹೋದ ಕುರಿ ಕೈಬಿಟ್ಟು ಹೋದ ಗಿರಾಕಿ ಆಗುತ್ತಿತ್ತು. ಶಿಷ್ಯರ ಕಾಲು ತೊಳೆದ ಯೇಸುಸ್ವಾಮಿಯನ್ನಂತೂ 'ಒಬ್ಬ ಮಹಾನ್ ನಾಯಕ' ಅಂತ ಹೆಸರು ಮರೆಸಿ ಪರದೆಯ ಮೇಲೆ ತೋರಿಸಿಬಿಡುತ್ತಿದ್ದ. ಹೆಸರು ಮರೆಸಿ ವಿಷಯ ದಾಟಿಸುವುದರಲ್ಲಿ ಅವನದು ಎತ್ತಿದ ಕೈ. ಮುಂದೆ ಅವನನ್ನು ಹಳ್ಳಕ್ಕೆ ಕೆಡವಿದ್ದೂ ಅದೇ ವಿದ್ಯೆ.

ಹಾಗಂತ ಭಕ್ತಿ ಇರಲಿಲ್ಲ ಅಂತಲ್ಲ. ಇತ್ತು, ಧಾರಾಳವಾಗಿಯೇ ಇತ್ತು. ಅದು ನಾಲ್ಕು ಜನಕ್ಕೆ ಕಾಣಲಿ ಅನ್ನೋ ಆಸೆ ಮಾತ್ರ ಭಕ್ತಿಗಿಂತ ಒಂದು ಗುಲಗಂಜಿ ಜಾಸ್ತಿ ತೂಗುತ್ತಿತ್ತು. ಅಪ್ಪ ಹಾಗಲ್ಲ. ಬೆಳಿಗ್ಗೆ ಎದ್ದವರೇ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅರ್ಧ ಗಂಟೆ ಬಿಟ್ಟು ಮೊಣಕಾಲು ಉಜ್ಜಿಕೊಳ್ಳುತ್ತಾ ಹೊರಗೆ ಬಂದಾಗ ಇವನು "ಇವತ್ತು ಯಾರಿಗೋಸ್ಕರ ಪ್ರಾರ್ಥನೆ ಮಾಡಿದ್ರಿ?" ಅಂತ ಕೇಳಿದರೆ "ಅದು ನಿನಗ್ಯಾಕೋ" ಅಂದು ಕಾಫಿಗೆ ಹೋಗುತ್ತಿದ್ದರು. ಅಪ್ಪನಿಗೆ ಸಂವಹನ ಕಲೆ ಕಮ್ಮಿ ಅಂತ ಮಗ ಬಹಳ ವರ್ಷ ನಂಬಿಕೊಂಡಿದ್ದ.

ಈಗಿನ ಕಥೆಗೆ ಬರೋಣ. ಊರಲ್ಲಿದ್ದ ಒಂದೇ ಒಂದು ಲಿಫ್ಟ್ ಕಂಪನಿಯವರು ತಮ್ಮ ಸುರಕ್ಷತಾ ವಿಭಾಗದ ಮೇಡಂ ಅವರನ್ನು ಕಾರ್ಖಾನೆಯ ಮುಖ್ಯಸ್ಥೆ ಮಾಡುವ ಯೋಚನೆಯಲ್ಲಿದ್ದರು. ಅದಕ್ಕೆ ಅವರನ್ನು ತಯಾರು ಮಾಡುವ ಕೆಲಸ ಕೋಚ್‌ನದು. ಮೇಡಂ ಕೆಲಸದಲ್ಲಿ ಹುಲಿ. ಆದರೆ ಯಾರಿಗಾದರೂ ಇಲ್ಲ ಅನ್ನಬೇಕಾದರೆ ಮೂರು ಸಲ 'ಸಾರಿ', ಎರಡು ಸಲ 'ತಪ್ಪು ತಿಳ್ಕೋಬೇಡಿ' ಬರುತ್ತಿತ್ತು. ಅದನ್ನು ಬಿಡಿಸುವುದರಲ್ಲೇ ಕೋಚ್ ಐದು ತಿಂಗಳು ಹೆಣಗಿದ್ದ. ಪ್ರತಿ ಸಲವೂ ಶುರು ಮಾಡುವಾಗ ಕೋಣೆಯ ಬಾಗಿಲು ಹಾಕಿ, ಎದೆಯ ಮೇಲೆ ಕೈಯಿಟ್ಟು, "ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತೆ" ಅನ್ನುತ್ತಿದ್ದ.

ಒಂದು ದಿನ ಮೇಡಂ ಆ ಮಾತನ್ನು ನಂಬಿಬಿಟ್ಟರು.

"ಸರ್, ನನಗೆ ಲಿಫ್ಟ್ ಅಂದ್ರೆ ಭಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಲ್ಕು ಗಂಟೆ ಒಳಗೆ ಸಿಕ್ಕಿಹಾಕ್ಕೊಂಡಿದ್ದೆ. ಹನ್ನೊಂದು ವರ್ಷದಿಂದ ಮೆಟ್ಟಿಲು ಹತ್ತಿಕೊಂಡೇ ಬರ್ತಿದೀನಿ. ಎಲ್ಲರೂ ವ್ಯಾಯಾಮ ಅಂದ್ಕೊಂಡಿದಾರೆ. ನಮ್ಮ ಮನೆಯವರಿಗೂ ಗೊತ್ತಿಲ್ಲ."

ಕೋಚ್‌ಗೆ ಕಣ್ಣು ತುಂಬಿ ಬಂತು, ಸುಳ್ಳಲ್ಲ. ಮನೆಗೆ ಬಂದವನೇ ಸೋಫಾದ ಮೇಲೆ ಕೂತು, ಸಭೆಯ ಪ್ರಾರ್ಥನಾ ಗುಂಪಿಗೆ ಫೋನಿನಲ್ಲಿ ಒಂದು ಕೋರಿಕೆ ಬರೆದ: 'ಲಿಫ್ಟ್ ತಯಾರಿಸುವ ಸಂಸ್ಥೆಯೊಂದರಲ್ಲಿ ದೊಡ್ಡ ಹುದ್ದೆಗೆ ಏರಲಿರುವ ಸಹೋದರಿಯೊಬ್ಬರಿಗೆ ಲಿಫ್ಟ್ ಹತ್ತಲು ಭಯ. ದಯವಿಟ್ಟು ಪ್ರಾರ್ಥಿಸಿ. ಹೆಸರು ಹೇಳುವಂತಿಲ್ಲ.' ಹೆಸರು ಹೇಳಲಿಲ್ಲವಲ್ಲ, ತನ್ನ ವೃತ್ತಿಧರ್ಮಕ್ಕೆ ತಾನೇ ಬೆನ್ನು ತಟ್ಟಿಕೊಂಡ. ಊಟ ಮುಗಿಯುವ ಹೊತ್ತಿಗೆ ನಲವತ್ತೊಂದು ಆಮೆನ್ ಬಂದಿತ್ತು. ಒಂದೊಂದು ಬಂದಾಗಲೂ ಫೋನ್ ಟಿಣ್ ಅನ್ನುತ್ತಿತ್ತು, ಇವನು ಹಿಗ್ಗುತ್ತಿದ್ದ.

ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ ಅದನ್ನು ಓದಿ ಕೇಳಿದಳು. "ಏನ್ರೀ, ಊರಲ್ಲಿ ಎಷ್ಟು ಲಿಫ್ಟ್ ಕಂಪನಿ ಇದೆ?"

"ಒಂದು."

"ಅದ್ರಲ್ಲಿ ದೊಡ್ಡ ಹುದ್ದೆಗೆ ಏರೋ ಹೆಂಗಸರು?"

ಕೋಚ್ ಚಮಚ ಕೆಳಗಿಟ್ಟ. ತಕ್ಷಣ ಅಳಿಸಿ ಹಾಕಿದ. ಆದರೆ ನಲವತ್ತೊಂದು ಜನ ಓದಿಯಾದ ಮೇಲೆ ಅಳಿಸಿದರೆಷ್ಟು, ಬಿಟ್ಟರೆಷ್ಟು.

ಎರಡನೇ ದಿನ ಕಂಪನಿಯ ಚೇರ್ಮನ್‌ರಿಂದ ಫೋನ್. ಅವರ ಅತ್ತಿಗೆ ಇದೇ ಸಭೆಯವರು, ಎರಡನೇ ಬೆಂಚಿನಲ್ಲಿ ಕೂರುವ ಸಾಧ್ವಿ. "ಪಾಪ, ನಿಮ್ಮ ಆಫೀಸಿನ ಹುಡುಗಿಗೋಸ್ಕರ ಉಪವಾಸ ಮಾಡ್ತಿದೀನಿ" ಅಂತ ಮೈದುನನಿಗೆ ಹೇಳಿದ್ದರಂತೆ.

"ನಿಜಾನೇನ್ರೀ ಇದು? ಲಿಫ್ಟ್ ಮಾರೋ ಕಂಪನಿಗೆ ಲಿಫ್ಟ್ ಹತ್ತದಿರೋ ಮುಖ್ಯಸ್ಥೆ ಅಂದ್ರೆ ನಾಳೆ ಜನ ಏನಂತಾರೆ? ಸೋಮವಾರ ತೀರ್ಮಾನ ಮಾಡ್ಬೇಕು."

"ಸರ್, ನಾನು ಏನೂ ಹೇಳೋ ಹಾಗಿಲ್ಲ. ಗೌಪ್ಯತೆ."

"ನಿಮ್ಮ ಗೌಪ್ಯತೆಗೆ ನಲವತ್ತೊಂದು ಜನ ಆಮೆನ್ ಅಂದಿದಾರೆ ಕಣ್ರೀ" ಅಂದು ಚೇರ್ಮನ್ ಫೋನಿಟ್ಟರು.

ಹನ್ನೊಂದು ವರ್ಷ ದುಡಿದ ಹೆಂಗಸಿಗೆ ಸಿಗಬೇಕಾದ ಕುರ್ಚಿ ಕೋಚ್‌ನ ಬಾಯಿಂದ ತಪ್ಪಿಹೋಗುತ್ತಿತ್ತು, ಅದೂ ದೇವರ ಹೆಸರಲ್ಲಿ. ತಪ್ಪೊಪ್ಪಿಗೆಯನ್ನು ಮೂರೇ ವಾಕ್ಯದಲ್ಲಿ ಮುಗಿಸಬೇಕು, ನೆಪ ಹೇಳಬಾರದು ಅಂತ ಅವನು ನೂರಾರು ಮ್ಯಾನೇಜರ್‌ಗಳಿಗೆ ಪಾಠ ಮಾಡಿದ್ದ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. ಹದಿನೇಳು ವಾಕ್ಯವಾಯಿತು. ಅದರಲ್ಲಿ ಹದಿನಾಲ್ಕು ನೆಪ.

ಮಾರನೇ ದಿನ ಬೆಳಿಗ್ಗೆ ಮೇಡಂ ಕಾರ್ಖಾನೆಯ ಮೆಟ್ಟಿಲ ಬುಡದಲ್ಲೇ ಸಿಕ್ಕರು. ಕೈಯಲ್ಲಿ ಹೆಲ್ಮೆಟ್, ಕಂಕುಳಲ್ಲಿ ತಪಾಸಣೆಯ ಫೈಲು. "ಬನ್ನಿ ಸರ್, ಮೇಲೆ ಹೋಗ್ತಾ ಮಾತಾಡೋಣ" ಅಂದು ಹತ್ತತೊಡಗಿದರು. ಎರಡನೇ ಮಹಡಿಗೆ ಕೋಚ್‌ಗೆ ಏದುಸಿರು. ಮೂರನೇ ಮಹಡಿಗೆ ಮಾತೇ ಹೊರಡಲಿಲ್ಲ. ನಾಲ್ಕನೆಯದರಲ್ಲಿ ಮೆಟ್ಟಿಲ ಕಂಬಿ ಹಿಡಿದುಕೊಂಡು ನಿಂತುಬಿಟ್ಟ. ಅವನು ಮೂರು ವಾಕ್ಯದಲ್ಲಿ ಮುಗಿಸಿದ್ದಕ್ಕೆ ಪಶ್ಚಾತ್ತಾಪಕ್ಕಿಂತ ಉಬ್ಬಸವೇ ಕಾರಣ.

"ನಿಮ್ಮ ಭಯದ ವಿಷಯ ನಾನು ಪ್ರಾರ್ಥನಾ ಗುಂಪಿಗೆ ಬರೆದೆ. ಅದು ಚೇರ್ಮನ್ ಕಿವಿಗೆ ಬಿದ್ದಿದೆ. ತಪ್ಪು ನನ್ನದು."

ಮೇಡಂ ಹೆಲ್ಮೆಟ್ಟನ್ನು ಮೆಟ್ಟಿಲ ಮೇಲಿಟ್ಟು, ಪಕ್ಕದಲ್ಲೇ ಕೂತರು.

"ಎಷ್ಟು ಜನಕ್ಕೆ ಗೊತ್ತು?"

"ನಲವತ್ತೊಂದು. ಎಲ್ಲರೂ ನಿಮಗೋಸ್ಕರ ಪ್ರಾರ್ಥನೆ ಮಾಡ್ತಿದಾರೆ ಮೇಡಂ."

ಅವರು ತಲೆಯೆತ್ತಿ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನೀವು ಮಾಡಿದ್ರಾ?"

ಕೋಚ್ ಬಾಯಿ ತೆರೆದ. ಮಾಡಿದೆ ಅನ್ನಲು ನಾಲಗೆ ಸಿದ್ಧವಾಗಿಯೇ ಇತ್ತು. ಆದರೆ ನೆನಪು ಮಾಡಿಕೊಂಡರೆ, ಅವತ್ತು ಬರೆದಿದ್ದು ಉಂಟು, ಎರಡು ಕೈ ಜೋಡಿಸಿದ ಚಿತ್ರ ಹಾಕಿದ್ದುಂಟು, ಬಂದ ಆಮೆನ್‌ಗಳನ್ನು ಎಣಿಸಿದ್ದುಂಟು. ಪ್ರಾರ್ಥನೆ ಮಾತ್ರ ಮಾಡಿರಲಿಲ್ಲ. ಇವತ್ತಿನವರೆಗೂ ಮಾಡಿರಲಿಲ್ಲ.

"ಇಲ್ಲ" ಅಂದ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನಾಲ್ಕನೇ ಮಹಡಿಯ ನೆಲ, ಅದು ಬಾಯಿಬಿಟ್ಟರೂ ಮೂರನೆಯದಕ್ಕೆ ಬೀಳುತ್ತಿದ್ದ ಅಷ್ಟೇ.

ಮೇಡಂ ಹೆಲ್ಮೆಟ್ ಎತ್ತಿಕೊಂಡು ಮೇಲೆ ಹೋದರು. ಇವನು ಇಂಗು ತಿಂದ ಮಂಗನ ಹಾಗೆ ಕೆಳಗಿಳಿದ.

ಸೋಮವಾರದ ಸುದ್ದಿಯನ್ನು ಚೇರ್ಮನ್ನರೇ ಫೋನ್ ಮಾಡಿ ಹೇಳಿದರು. ಮೇಡಂ ಕೂತ ತಕ್ಷಣ ತಾವಾಗಿಯೇ ಶುರು ಮಾಡಿದರಂತೆ: "ಹೌದು ಸರ್, ನನಗೆ ಭಯ ಇದೆ. ಅದಕ್ಕೇ ಹನ್ನೊಂದು ವರ್ಷ ಒಂದೊಂದು ಬೋಲ್ಟನ್ನೂ ಎರಡೆರಡು ಸಲ ನೋಡಿ ಸಹಿ ಹಾಕಿದೀನಿ. ಭಯ ಇಲ್ಲದವರು ಸಹಿ ಹಾಕಿದ ಲಿಫ್ಟಲ್ಲಿ ನಿಮ್ಮ ಮೊಮ್ಮಕ್ಕಳನ್ನ ಕಳಿಸ್ತೀರಾ?" ಕುರ್ಚಿ ಅವರಿಗೇ ಸಿಕ್ಕಿತು.

ಕೋಚ್ ಕುಣಿದಾಡಿಬಿಟ್ಟ. ಸಂಜೆ ಹೊಸ ಮುಖ್ಯಸ್ಥೆಯ ಮೊದಲ ಆದೇಶ ಅವನಿಗೇ ಬಂತು: 'ನಿಮ್ಮ ತರಬೇತಿ ಇಂದಿಗೆ ಮುಗಿಯಿತು. ಮತ್ತೆ ಬರುವ ಅಗತ್ಯವಿಲ್ಲ.' ಎರಡೇ ಸಾಲು. ಒಂದು 'ಸಾರಿ' ಇಲ್ಲ, ಒಂದು 'ತಪ್ಪು ತಿಳ್ಕೋಬೇಡಿ' ಇಲ್ಲ. ಐದು ತಿಂಗಳು ತಾನು ಹೇಳಿಕೊಟ್ಟಿದ್ದನ್ನು ಅಕ್ಷರ ತಪ್ಪದೆ ತನ್ನ ಮೇಲೇ ಪ್ರಯೋಗಿಸಿದ್ದರು. ನಾಚಿಕೆಯಿಂದ ಸಾಯುವಂತಾಯಿತು. ಅದರ ಮಧ್ಯೆಯೂ, ಭಲೇ, ಕಲಿಸಿದರೆ ಹೀಗೆ ಕಲಿಸಬೇಕು ಅನ್ನಿಸಿತಲ್ಲ, ಆ ಮನಸ್ಸಿಗೆ ಏನು ಹೇಳೋದು.

ದುಃಖ ತಡೆಯಲಾರದೆ ಫೋನ್ ತೆಗೆದು ಗುಂಪಿಗೆ ಬರೆಯತೊಡಗಿದ: 'ಕಷ್ಟದಲ್ಲಿರುವ ಸಹೋದರನೊಬ್ಬನಿಗಾಗಿ...' ಹೆಬ್ಬೆರಳು ಅಲ್ಲಿಗೇ ನಿಂತಿತು. ನೀವು ಮಾಡಿದ್ರಾ ಅನ್ನೋ ಪ್ರಶ್ನೆ ಕಿವಿಯಲ್ಲಿ ಇನ್ನೂ ಬಿಸಿಯಾಗಿಯೇ ಇತ್ತು. ಬರೆದದ್ದನ್ನು ಅಳಿಸಿ, ಫೋನನ್ನು ಸೋಫಾದ ಮೇಲೆ ಮಕಾಡೆ ಹಾಕಿ, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮೊಣಕಾಲೂರಿದರೆ ಲಟಕ್ಕಂತು. ವೇದಿಕೆ ಮೇಲೆ ಪುಂಖಾನುಪುಂಖವಾಗಿ ಬರುವ ಮಾತು ಒಂದೂ ಬರಲಿಲ್ಲ. ಕೇಳುವವರೇ ಇಲ್ಲದ ಮೇಲೆ ಮೂರು ಅಂಶಗಳಲ್ಲಿ ಯಾರಿಗೆ ವಿವರಿಸುವುದು? ಬಹಳ ಹೊತ್ತಾದ ಮೇಲೆ ಬಾಯಿಗೆ ಬಂದದ್ದು ಮೇಡಂ ಹೆಸರೊಂದೇ. ಅದನ್ನೇ ಹೇಳಿದ. ಅಳು ಬಂತು, ಅತ್ತ.

ಕಣ್ಣು ಒರೆಸಿಕೊಂಡು ಹೊರಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಇಷ್ಟೊತ್ತು ಯಾರಿಗೋಸ್ಕರ ಮಾಡಿದ್ರಿ?"

"ಅದು ನಿನಗ್ಯಾಕೆ?" ಅಂದು ಕೋಚ್, ಮೊಣಕಾಲು ಉಜ್ಜಿಕೊಳ್ಳುತ್ತಾ, ಕಾಫಿಗೆ ಹೋದ.