ಬಾಗಲಾ ಮುಂದ ಮಾಡಕೋರಿ

ಆ ತುರುಬೇ ಹೌದು, ತುರುಬಿನ ಸುತ್ತ ಅಬ್ಬಲಿಗೆಯ ಆ ಸಣ್ಣ ದಂಡೆಯೂ ಅದೇ, ಮೂರನೆಯ ಸೀಟು, ಕಿಟಕಿಯ ಬದಿ, ತಲೆಯನ್ನು ಸರಳಿಗೆ ಆನಿಸಿ ಕೂತವಳು ರಂಜನಾ ಟೀಚರೇ, ಇನ್ನು ಅನುಮಾನವಿಲ್ಲ — ಇಂಡಿ ಸ್ಟ್ಯಾಂಡಿನಲ್ಲಿ ತಾನು ಕಂಟ್ರೋಲರನ ಕಿಟಕಿಯಲ್ಲಿ ಸಹಿ ಹಾಕಿಸಿಕೊಳ್ಳುವಾಗ ಹತ್ತಿರಬೇಕು, ಆಗಲೇ ಕಂಡಿದ್ದರೆ, ಕಂಡಿದ್ದರೆ ಏನು ಮಾಡುತ್ತಿದ್ದಳು ಸುರೇಖಾ, ಕಂಡಕ್ಟರಾದವಳು ಬಸ್ಸು ಬಿಟ್ಟು ಎಲ್ಲಿಗೆ ಓಡಿಯಾಳು. ದಿನಾ ಮುಂದಿನ ಸೀಟಿನಿಂದ ಟಿಕೇಟು ಕೊಡುತ್ತ ಹಿಂದಕ್ಕೆ ಹೋಗುವವಳು ಇವತ್ತು ಜನರನ್ನು ಸರಿಸಿಕೊಂಡು ಸೀದಾ ಹಿಂದಕ್ಕೆ ಹೋಗಿ ಅಲ್ಲಿಂದ ಸುರುಮಾಡಿದ್ದಾಳೆ, ಡ್ರೈವರ್ ರೇವಣಪ್ಪ ಕಾಕಾ ಕನ್ನಡಿಯಲ್ಲಿ ಒಮ್ಮೆ ಹುಬ್ಬೇರಿಸಿ ನೋಡಿದ, ನೋಡಲಿ, ಆಮೇಲೆ ಕೇಳುತ್ತಾನೆ, ಆಮೇಲೆ ಏನಾದರೊಂದು ಹೇಳಿದರಾಯಿತು. ಆಧಾರ್ ತೆಗೀರಿ ಯವ್ವಾ, ಆಧಾರ್, ಹೆಂಗಸರಿಗೆ ಪುಕ್ಕಟೆಯಾದರೂ ಟಿಕೇಟು ಟಿಕೇಟೇ, ಕೊಡದೆ ಬಿಟ್ಟರೆ ಚೆಕಿಂಗಿನವರು ಸುಮ್ಮನಿರುವುದಿಲ್ಲ, ಅಂದರೆ ಆ ಮೂರನೆಯ ಸೀಟಿಗೆ ಹೋಗಲೇಬೇಕು, ಸಿಂದಗಿ ಬರುವುದರೊಳಗೆ ಹೋಗಿ ಆ ಮುಖದ ಎದುರು ನಿಲ್ಲಲೇಬೇಕು. ನಿಂತು ಏನು ಅನ್ನುವುದು. ಮನೆಯ ವಿಷಯ ಏನಾಯಿತ್ರಿ ಅಂತ ಕೇಳುವುದೋ, ಅವತ್ತು ಬಾಯಿ ತಪ್ಪಿ ಅಂದುಬಿಟ್ಟ ಆ ಮಾತಿಗೆ ತಪ್ಪಾಯಿತು ಅನ್ನುವುದೋ — ಅಂದರೆ ಮನೆಯ ಆಸೆಗೆ ಅಂದಳು ಅಂತ ಆಕೆ ತಿಳಿಯುತ್ತಾಳೆ, ಅನ್ನದಿದ್ದರೆ ಇವಳೆಂಥ ಕಲ್ಲೆದೆಯ ಹೆಂಗಸು ಅಂತ ತಿಳಿಯುತ್ತಾಳೆ. ಹಿಂದಿನ ಸೀಟಿನ ಗಂಡಸು ನೋಟು ಹಿಡಿದುಕೊಂಡು ಆಗಿನಿಂದ ಕಾಯುತ್ತಿದ್ದಾನೆ, ಎಲ್ಲಿಗೆ ಅಂತ ಕೇಳಿದ್ದೂ ಆಗಿದೆ, ಅವನು ಹೇಳಿದ್ದೂ ಆಗಿದೆ, ಸುರೇಖಾಳ ಕಿವಿಗೆ ಬಿದ್ದಿಲ್ಲ.

ಆಸೆ ಇಲ್ಲ ಅಂತ ಯಾವ ಬಾಯಿಂದ ಹೇಳಿಯಾಳು, ಇದೆ, ಹೊಟ್ಟೆ ತುಂಬ ಇದೆ. ಮದುವೆಯಾಗಿ ಬಂದಾಗಿನಿಂದ ಬಾಡಿಗೆ ಮನೆ, ಒಂದಾದ ಮೇಲೆ ಒಂದು, ಈಗಿನ ಮನೆಯ ಯಜಮಾನಿ ಲಕ್ಕವ್ವ ಉಂಡು ಕೈ ತೊಳೆದವಳೇ ಗೇಟಿಗೆ ಕೀಲಿ ಹಾಕುತ್ತಾಳೆ, ಮುದ್ದೇಬಿಹಾಳದ ಟ್ರಿಪ್ಪು ಮುಗಿಸಿ ಡಿಪೋದಲ್ಲಿ ಲೆಕ್ಕ ಒಪ್ಪಿಸಿ ಬಂದವಳು ಹೊರಗೇ ನಿಂತು ಗಂಡನಿಗೆ ಫೋನು ಹಚ್ಚಬೇಕು, ಕಾಂತೂ ಎದ್ದು ಲಕ್ಕವ್ವನನ್ನು ಎಬ್ಬಿಸಬೇಕು, ಲಕ್ಕವ್ವ ಕೀಲಿಗೊಂಚಲು ಝಣಝಣ ಅನ್ನಿಸುತ್ತ ಓಣಿಗೆಲ್ಲ ಕೇಳುವಂತೆ, ಇದ್ಯಾವ ಹೊತ್ತವ್ವಾ ಹೆಣ್ಮಗಳು ಮನೀಗಿ ಬರೂದು, ಅನ್ನಬೇಕು, ಅಂದ ಮೇಲೆಯೇ ಗೇಟು ತೆಗೆಯಬೇಕು. ಖಾಕಿ ಅಂಗಿ ತೊಟ್ಟು ದುಡಿದು ಬಂದವಳಿಗೆ ಇಂಥ ಮಾತು, ಮೈಯೆಲ್ಲ ಉರಿದುಹೋಗುತ್ತದೆ, ಉರಿದರೂ ತುಟಿ ಎರಡು ಮಾಡುವಂತಿಲ್ಲ. ಗೋಡೆಗೆ ಮೊಳೆ ಹೊಡೆಯಬಾರದು, ಕಪಾಟಿಗೆ ಆನಿಸಿಟ್ಟ ಕ್ಯಾಲೆಂಡರು ಗಾಳಿಗೆ ಬೀಳುತ್ತದೆ, ಮಗಳು ಭಾಗ್ಯಾ ಎತ್ತಿ ನಿಲ್ಲಿಸುತ್ತಾಳೆ, ಮತ್ತೆ ಬೀಳುತ್ತದೆ. ತನ್ನದೇ ಒಂದು ಕೀಲಿ, ತನ್ನ ಬ್ಯಾಗಿನಲ್ಲಿ, ಯಾವ ಹೊತ್ತಿಗೆ ಬಂದರೂ ತಾನೇ ತೆಗೆದುಕೊಂಡು ಒಳಗೆ ಹೋಗುವ ಹಾಗೆ, ಅಷ್ಟೇ ಬೇಕಾದದ್ದು, ಅಷ್ಟಕ್ಕೆ ಎಷ್ಟು ಅಲೆದದ್ದು. ಸಿಂದಗಿಯಲ್ಲಿ ಒಂದು ಮನೆ, ಇವಳು ಒಳಗೆ ಅಡಿಗೆಮನೆ ನೋಡುತ್ತಿರುವಾಗಲೇ ಹೊರಗೆ ಪಡಸಾಲೆಯಲ್ಲಿ ಬೇರೆಯವರು ಸಂಚಕಾರದ ರೊಕ್ಕ ಕೊಟ್ಟು ಮುಗಿಸಿದ್ದರು, ಕೊಂಡವರೇ ನಗುನಗುತ್ತ, ನಿಮಗೂ ಅರ್ಧ ಕಪ್ ಚಾ ಹಾಕಲೇನ್ರಿ, ಅಂದರು, ಕುಡಿದಳು ಕೂಡ, ಏನು ಮಾಡುವುದು. ಇಂಡಿಯ ಹೊರಗೆ ಲಿಂಬೆ ತೋಟ ಕಡಿದು ಪ್ಲಾಟು ಹಾಕಿದ್ದಾರೆ, ನಿನ್ನೆ ನೋಡಿದ್ದನ್ನು ಇವತ್ತು ಕೇಳಹೋದರೆ ದರವೇ ಬೇರೆ, ನಾಳೆ ಹೋದರೆ ಅಲ್ಲಿ ಇನ್ನೊಬ್ಬರ ಹೆಸರಿನ ಕಲ್ಲು. ಮನೆ ತೋರಿಸುವ ದಲಾಲಿ ಮಶಾಕಸಾಬನಿಗೆ ಗಾಡಿಯಿಂದ ಇಳಿಯಲೂ ಪುರುಸೊತ್ತಿಲ್ಲ, ಗಾಡಿ ಚಾಲೂ ಇಟ್ಟೇ, ಅಕ್ಕಾರ, ನೋಡಾಕ ಬರಬ್ಯಾಡ್ರಿ, ತಗೋಳಾಕ ಬರ್ರಿ, ಅನ್ನುತ್ತಾನೆ. ಆ ಮಶಾಕಸಾಬನೇ ಒಂದು ದಿನ ಗಾಡಿ ಬಂದ್ ಮಾಡಿ, ಇಳಿದು, ಚಪ್ಪಲಿ ಬಿಟ್ಟು ಒಳಗೆ ಬಂದು ಕೂತು ಹೇಳಿದ್ದು — ಇಂಡಿಯೊಳಗ ಒಂದು ಮನಿ ಐತ್ರಿ, ಗೋದೂಬಾಯಿ ಅಂತ ಅಜ್ಜಿ, ಆಕಿ ರೊಕ್ಕ ನೋಡೂದಿಲ್ಲ, ಮಂದಿ ನೋಡ್ತಾಳ, ಕೆಡವಿ ಕಟ್ಟವರಿಗೆ ಕೊಡೂದಿಲ್ಲಂತ, ಬಾಳೇವು ಮಾಡವರಿಗೇ ಕೊಡ್ತಾಳಂತ. 

ಎಂಥ ಮನೆ ಅದು. ಮುಂದೆ ಕಲ್ಲಿನ ಕಟ್ಟೆ, ಒಳಗೆ ತಂಪು ಪಡಸಾಲೆ, ಹಿತ್ತಲಲ್ಲಿ ಕಾಯಿ ಹಿಡಿದ ಲಿಂಬೆ ಗಿಡ, ನೋಡಿದ ಕೂಡಲೇ ಎದೆ ಹಗುರಾಯಿತು, ಇಲ್ಲಿ ಸ್ಟೋವು, ಇಲ್ಲಿ ಭಾಗ್ಯಾಳ ಓದುವ ಮೇಜು, ಇಲ್ಲೊಂದು ಮೊಳೆ, ಅಲ್ಲೊಂದು ಮೊಳೆ. ಗೋದೂಬಾಯಿಯ ಮಗ ಶ್ರೀವಲ್ಲಭನಿಗೂ ಸೊಸೆ ರಂಜನಾಳಿಗೂ ಬಸವನ ಬಾಗೇವಾಡಿಯಲ್ಲಿ ನೌಕರಿ, ಅಲ್ಲೇ ಮನೆ ಕಟ್ಟಿಸಿದ್ದಾರೆ, ಅಜ್ಜಿಯನ್ನೂ ಕರೆದುಕೊಂಡು ಹೋಗುತ್ತಾರೆ. ಅಜ್ಜಿ ಜೋಕಾಲಿಯ ಮೇಲೆ ಕೂತು, ಯಾರ ಪೈಕಿ ನೀವು, ಅಂತ ಎರಡೆರಡು ಸಲ ಕೇಳಿದಳು, ಹಾಲುಮತದವರ್ರಿ ಅಂದಳು ಸುರೇಖಾ, ಅಂದು ಉಸಿರು ಹಿಡಿದು ನಿಂತಳು, ಎಷ್ಟು ಮನೆಗಳ ಮಾತು ಈ ಪ್ರಶ್ನೆಗೇ ನಿಂತುಹೋಗಿಲ್ಲ — ಅಜ್ಜಿ ತಲೆದೂಗಿ, ಕುರಿ ಕಾಯೋ ಮಂದಿ, ಮನೀನೂ ಚಲೋತ್ನಾಗಿ ಕಾಯ್ತಾರ, ಅಂದಳು, ಕಾಂತೂನ ಕಣ್ಣಲ್ಲಿ ನೀರೇ ಬಂತು. ರಂಜನಾ ಒಂದೊಂದು ಕೋಣೆ ತೋರಿಸಿದಳು, ಮಾತು ಮಾತಿನಲ್ಲಿ ಸುರೇಖಾ ಕೇಳಿದ್ದು, ಮಕ್ಕಳೆಷ್ಟ್ರಿ ಟೀಚರ್, ಆಕೆ ನಕ್ಕು, ಸಾಲಿ ತುಂಬ ಅವ ಅಲ್ಲರೀ, ಅಂದು ಒಳಗಿನ ಸಣ್ಣ ಕೋಣೆಯ ದೀಪ ಹಾಕಿದಳು, ಬರಿದಾಗಿತ್ತು ಕೋಣೆ, ಒಂದು ಸಾಮಾನೂ ಇರಲಿಲ್ಲ, ಗೋಡೆಗೆ ಮಾತ್ರ ತಿಳಿ ಹಸಿರು ಬಣ್ಣ, ಇದು ನಿಮ್ಮ ಮಗಳಿಗೆ ಆಗ್ತದ ನೋಡ್ರಿ, ಅಂದಳು. ಕೇಳಬಾರದಿತ್ತು ಅಂತ ಸುರೇಖಾಳಿಗೆ ಆಗಲೇ ತಿಳಿಯಿತು, ಮಕ್ಕಳಿಲ್ಲ ಈಕೆಗೆ, ಬಹಳ ವರ್ಷ ಕಾದಿದ್ದಾಳೆ ಈ ಕೋಣೆ ತುಂಬಲಿ ಅಂತ, ತಿಳಿದೂ ತಿಳಿದೂ ಆಮೇಲೆ ಹಾಗೆ ಅನ್ನುವುದೇ. ಉಡಿ ತುಂಬಿದಳು ರಂಜನಾ, ಖಣ, ಕಾಯಿ, ಅಕ್ಕಿ, ಹಣೆಗೆ ಕುಂಕುಮ, ಉಡಿ ತುಂಬಿದ ಮೇಲೆ ಮಾತು ಪಕ್ಕಾ ಆದಂತೆಯೇ, ಹೊರಗೆ ಮಶಾಕಸಾಬ ಮೀಸೆಯಲ್ಲೇ ನಗುತ್ತಿದ್ದ. ಅಷ್ಟರಲ್ಲಿ ಡಿಪೋದಿಂದ ಫೋನು, ಇನ್ನೊಬ್ಬ ಕಂಡಕ್ಟರು ಬಂದಿಲ್ಲ, ತಾಳಿಕೋಟೆ ಗಾಡಿ ನೀನೇ ತೆಗೆದುಕೊಂಡು ಹೋಗು, ಬೇಗ ಬಾ. ಗಡಿಬಿಡಿ, ಸೆರಗಿನಲ್ಲಿ ಉಡಿ, ಕಾಲಿಗೆ ಚಪ್ಪಲಿ ಸಿಗಲೊಲ್ಲದು, ಹೊಸ್ತಿಲು ದಾಟಿ ತಿರುಗಿ ನೋಡಿದರೆ ಬಾಗಿಲಿಗೆ ಬಂದು ನಿಂತ ರಂಜನಾ, ಆಗ ಬಂತು ಬಾಯಿಗೆ, ದಿನವೆಲ್ಲ ಬಸ್ಸಿನಲ್ಲಿ ಒದರಿ ಒದರಿ ನಾಲಿಗೆಗೆ ಅಂಟಿಕೊಂಡ ಆ ಮಾತು, ಮನಸ್ಸು ಮುಟ್ಟದೆ ಸೀದಾ ಹೊರಗೆ ಬಿತ್ತು — ಬಾಗಲಾ ಮುಚ್ಚರಿ, ಹೋಗ್ತೇವಿ.

ಬರ್ತೇವಿ ಅನ್ನಬೇಕು, ಹೋಗ್ತೇವಿ ಅನ್ನಬಾರದು, ಇದು ಕೂಸಿಗೂ ಗೊತ್ತು. ಬಾಗಿಲು ಮುಂದೆ ಮಾಡಿಕೊಳ್ಳಿರಿ ಅನ್ನಬೇಕು, ಮುಚ್ಚಿರಿ ಅನ್ನಬಾರದು, ಸತ್ತ ಮೇಲೆ ಹೆಸರು ಹೇಳಲು ಒಬ್ಬರೂ ಇಲ್ಲದವರ ಮನೆಗೆ ಬಾಗಿಲು ಮುಚ್ಚಿದ ಮನೆ ಅನ್ನುತ್ತಾರೆ, ಇವಳ ಅವ್ವ ಕಸ್ತೂರೆವ್ವ ಕುರಿಹಟ್ಟಿಯ ತಡಿಕೆಗೂ ಮುಚ್ಚು ಅಂದವಳಲ್ಲ, ಮುಂದ ಮಾಡು ಅಂತಲೇ ಅನ್ನುತ್ತಿದ್ದಳು. ಅಂಥ ಅವ್ವನ ಹೊಟ್ಟೆಯಲ್ಲಿ ಹುಟ್ಟಿ ಇಂಥ ನಾಲಿಗೆ, ಅದೂ ಮಕ್ಕಳಿಲ್ಲದ ಹೆಂಗಸಿನ ಎದುರು, ಅದೂ ಆಕೆಯ ಹೊಸ್ತಿಲಲ್ಲಿ, ಆಕೆಯೇ ತುಂಬಿದ ಉಡಿ ಹಿಡಿದುಕೊಂಡು. ರಂಜನಾಳ ಮುಖದ ಮೇಲಿನ ನಗು ಹಾಗೇ ಇತ್ತು, ಒಳಗಿಂದ ಮಾತ್ರ ಯಾರೋ ಎದ್ದುಹೋದಂತಾಯಿತು, ಹೂಂರಿ, ಅಂದಳು, ಅಷ್ಟೇ. ತಿರುಗಿ ಓಡಿ ಹೋಗಿ ಕೈ ಹಿಡಿದುಕೊಳ್ಳಬೇಕಿತ್ತು, ಕಾಂತೂ ಗಾಡಿ ಚಾಲೂ ಮಾಡಿಬಿಟ್ಟಿದ್ದ, ಓಣಿ ದಾಟಿದ ಮೇಲೆ, ಏನ ಅಂದಿ ನೀ, ಅಂತ ಕೇಳಿದ, ಅವನ ಬೆನ್ನಿಗೆ ಮುಖ ಒತ್ತಿಕೊಂಡು ಕೂತಳು. ಸಂಜೆಗೆ ಮಶಾಕಸಾಬನ ಫೋನು, ವಿಚಾರ ಮಾಡಿ ಹೇಳ್ತಾರಂತ್ರಿ, ಸಿಂದಗಿ ಗೊಬ್ಬರದಂಗಡಿ ಸಾವಕಾರ ಬ್ಯಾರೆ ಕಣ್ಣ ಇಟ್ಟಾನ, ಕೆಡವಿ ಮಳಿಗಿ ಕಟ್ಟತಾನಂತ. ಕಾಂತೂ ಒಳ್ಳೆಯವನೇ, ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ ಸುತ್ತಿ ಬೆರಳೆಲ್ಲ ಗಾಯ ಮಾಡಿಕೊಂಡು ಈ ಮನೆಯ ಕನಸು ಕಂಡವನು, ಅವನು ಅಂದದ್ದರಲ್ಲಿ ಏನು ತಪ್ಪು — ನಾಳಿಗಿ ಹೋಗು, ಕಾಲ ಹಿಡಿ, ಬಾಯಿ ತಪ್ಪಿತು ಅನ್ನು, ಮನಿ ಸಿಗತೈತಿ. ಆ ಕೊನೆಯ ಎರಡು ಶಬ್ದ ಅನ್ನದಿದ್ದರೆ ಹೋಗಿಬಿಡುತ್ತಿದ್ದಳು, ಹೋಗಿ ಕಾಲು ಹಿಡಿಯುತ್ತಿದ್ದಳು, ಈಗ ಹೇಗೆ ಹೋಗುವುದು, ತಪ್ಪಾಯಿತು ಅಂದರೆ ಅದೂ ಒಂದು ಚೌಕಾಶಿ ಆಗುತ್ತದೆ, ಸಾವಕಾರ ರೊಕ್ಕ ಹೆಚ್ಚಿಟ್ಟ, ಕಂಡಕ್ಟರು ಕಣ್ಣೀರು ಹೆಚ್ಚಿಟ್ಟಳು ಅಂತ. ಆದರೂ ಮರುದಿನ ಕಾಲು ತಾನಾಗಿಯೇ ಆ ಓಣಿಯ ತುದಿಯ ತನಕ ಕರೆದುಕೊಂಡು ಹೋಗಿತ್ತು, ಮನೆಯ ಮುಂದೆ ಬಿಳಿ ಕಾರು ನಿಂತಿತ್ತು, ಸಾವಕಾರನದೇ ಇರಬೇಕು, ಕಟ್ಟೆಯ ಮೇಲೆ ರಂಜನಾ ಒಬ್ಬಳೇ, ತೊಡೆಯ ಮೇಲೆ ಮೊರ, ಮೊರದಲ್ಲಿ ಅಕ್ಕಿ, ಆರಿಸುತ್ತಿರಲಿಲ್ಲ, ಹಣೆಗೆ ಕೈ ಅಡ್ಡ ಹಿಡಿದು ಈ ತುದಿಗೇ ನೋಡುತ್ತಿದ್ದಳು. ಬಿಸಿಲು ಎದುರಿಗಿತ್ತು, ತಾನು ಆಕೆಗೆ ಕಂಡಿರಲಿಕ್ಕಿಲ್ಲ. ಕಾರು ನೋಡಿ ಸುರೇಖಾಳಿಗೆ, ಈಗ ಹೋದರೆ ಹರಾಜಿಗೆ ಬಂದವಳಾಗುತ್ತೇನೆ ಅನ್ನಿಸಿತು, ಸೆರಗು ತಲೆಗೆಳೆದುಕೊಂಡು ತಿರುಗಿ ನಡೆದುಬಿಟ್ಟಳು. ಅದು ಸರಿಯಾದ ಕೆಲಸ ಅಂತಲೇ ಇಲ್ಲಿಯ ತನಕ ತಿಳಿದುಕೊಂಡಿದ್ದಾಳೆ, ಮನೆ ಹೋದರೂ ಮಾನ ಉಳಿಯಿತು ಅಂತ.

ಸಿಂದಗಿಯ ಟಾವರು ಕಾಣುತ್ತಿದೆ, ಸೀಟುಗಳು ಮುಗಿಯುತ್ತ ಬಂದವು, ಐದನೆಯದು, ನಾಲ್ಕನೆಯದು, ಕೂಸು ಎತ್ತಿಕೊಂಡವಳು ಕಾರ್ಡು ಹುಡುಕಲು ಹೊತ್ತು ಮಾಡಿದರೆ ಚೆನ್ನಾಗಿತ್ತು, ಕೈಯಲ್ಲೇ ಹಿಡಿದಿದ್ದಾಳೆ, ಮೂರನೆಯದು. ಬಾಗೇವಾಡಿ, ಅಂದಳು ರಂಜನಾ, ಆಧಾರ್ ಕಾರ್ಡು ಚಾಚಿದಳು, ಕಾರ್ಡಿನ ಮೇಲೆ ಆ ಓಣಿಯ ಹೆಸರು, ಆ ಮನೆಯ ನಂಬರು, ಸುರೇಖಾ ಮಷಿನ್ನಿನ ಗುಂಡಿ ಒತ್ತಿ ಟಿಕೇಟು ಹರಿದು ಹಿಡಿದಳು. ಮನಿ ಕೊಟ್ಟಿವ್ರಿ ಸುರೇಖಾ ಅವರ, ಅಂದಳು ರಂಜನಾ, ಮೆಲ್ಲಗೆ, ಕಿಟಕಿಯ ಕಡೆ ನೋಡುತ್ತಲೇ, ಸಿಂದಗಿಯವರಿಗೆ, ನಿನ್ನೆ ಕಾಗದ ಆತು. ಆಯಿತು, ಹೋಯಿತು, ಲಿಂಬೆ ಗಿಡ, ಹಸಿರು ಗೋಡೆ, ತನ್ನ ಕೀಲಿ, ಎಲ್ಲ ಹೋಯಿತು, ಕೆಡವುತ್ತಾರೆ, ಆದರೂ ಎಲ್ಲೋ ಒಂಚೂರು ಹಗುರ, ಇನ್ನು ಮನೆ ಇಲ್ಲ, ಇನ್ನು ಆ ಮಾತು ಅನ್ನಬಹುದು, ಇನ್ನು ಯಾರೂ ಅದಕ್ಕೆ ದರ ಕಟ್ಟುವಂತಿಲ್ಲ. ನನ್ನ ಮಾತಿಗೆ ಅಜ್ಜ್ಯಾರಿಗೆ ಭಾಳ ನೋವಾಗಿರಬೇಕ್ರಿ, ಅಂದಳು. ಅತ್ತಿಯವರಿಗೆ ಕಿವಿ ಮಂದ, ಅಂದಳು ರಂಜನಾ, ಅವರು ಕೇಳಿಸಿಕೊಂಡೇ ಇಲ್ಲ, ಈಗೂ ಆ ಕುರಿ ಕಾಯೋ ಮಂದಿಗೇ ಕೊಡಬೇಕಿತ್ತು ಅಂತ ನನ್ನ ಜೋಡಿ ಮಾತು ಬಿಟ್ಟಾರ, ನಿಮಗ ಬ್ಯಾಡ ಅಂದಾಕಿ ನಾನ. ಬಸ್ಸು ತಗ್ಗಿಗೆ ಇಳಿದು ಏರಿತು, ಸುರೇಖಾ ಸೀಟಿನ ಸರಳು ಹಿಡಿದುಕೊಂಡಳು, ತಪ್ಪಾತ್ರಿ ಟೀಚರ್, ಅಂದಳು, ಬಸ್ಸಿನ ಬಾಯಿರಿ ನಂದು, ನಿಮಗಂತ ಅಂದದ್ದಲ್ಲ, ಮನಿಗಾಗಿ ಹೇಳತಾಳ ಅಂತ ತಿಳೀತೀರಿ ಅಂತ ಸುಮ್ಮನಿದ್ದೆ. ರಂಜನಾ ಈಗ ತಿರುಗಿ ನೋಡಿದಳು, ಸಿಟ್ಟಿರಲಿಲ್ಲ ಮುಖದಲ್ಲಿ, ಸಿಟ್ಟಿದ್ದರೆ ಚೆನ್ನಾಗಿತ್ತು. ಮನಿಗಾಗೇ ಹೇಳಿದ್ರೂ ನಡೀತಿತ್ತರೀ, ಅಂದಳು, ಮರುದಿನ ಆ ಸಾವಕಾರರು ಒಳಗ ಬಂದು ಕೂತಿದ್ರು, ನಾ ಹೊರಗ ಬಂದು ಕಟ್ಟಿ ಮ್ಯಾಲೆ ಕೂತೆ, ನೀವು ಬರ್ತೀರಿ ಅಂತ, ಬಂದು ಒಂದು ಮಾತು ಅಂದ್ರ ನಿಮಗೇ ಅಂತ ಮನಸಿನಾಗ ಮಾಡಿದ್ದೆ. ಟಿಕೇಟು ತೆಗೆದುಕೊಂಡು ಮಡಚಿ ಪರ್ಸಿನೊಳಗೆ ಇಟ್ಟುಕೊಂಡಳು. ಸಿಂದಗಿ ಬಂತು, ಜನ ಎದ್ದರು, ಚೀಲ ತಾಗಿತು, ಮೊಳಕೈ ತಾಗಿತು, ಚಿಲ್ಲರ್ ಕೊಡ್ರಿ ಬಾಯಾರ, ಯಾರೋ ಕೇಳುತ್ತಿದ್ದಾರೆ, ಏನವಾ ಸುರೇಖಾ, ರೇವಣಪ್ಪ ಕಾಕಾ ಕೂಗುತ್ತಿದ್ದಾನೆ, ಕೂಗಲಿ, ಕೇಳಲಿ — ಕಟ್ಟೆ, ಬಿಸಿಲು, ತೊಡೆಯ ಮೇಲೆ ಮೊರ, ಆರಿಸದ ಅಕ್ಕಿ, ಹಣೆಗೆ ಅಡ್ಡ ಹಿಡಿದ ಕೈ, ಓಣಿಯ ಈ ತುದಿಗೇ ನೋಡುತ್ತಿದ್ದ ರಂಜನಾ.