ಮೇಲಿನ ಮನೆ ಹುಡುಗಿಗೆ ಸ್ಪೆಷಲ್ ಕೋಚಿಂಗ್

ಒಂದೇ ಕಟ್ಟಡ. ಮೇಲಿನ ಮನೆಯಲ್ಲಿ ಹಿರಿ ಸೊಸೆ, ಕೆಳಗಿನ ಮನೆಯಲ್ಲಿ ಕಿರಿ ಸೊಸೆ. ಇಬ್ಬರ ನಡುವೆ ಜಗಳವಿರಲಿಲ್ಲ. ಆದರೆ ಕಿರಿಯವಳ ಹೊಟ್ಟೆಯೊಳಗೆ ಸದಾ ಒಂದು ಸಣ್ಣ ಒಲೆ ಉರಿಯುತ್ತಿತ್ತು. ಮೇಲಿನ ಮನೆಗೆ ಗಾಳಿ ಹೆಚ್ಚು. ಮೇಲಿನ ಮನೆಯ ಬಟ್ಟೆ ಬೇಗ ಒಣಗುತ್ತದೆ. ಅವರ ನಲ್ಲಿಯಲ್ಲಿ ನೀರು ಕೂಡ ಜೋರಾಗಿ ಬರುತ್ತದೆ ಎಂದು ಅವಳಿಗೆ ಅನುಮಾನ. ಟ್ಯಾಂಕ್ ಮೇಲಿರುವುದರಿಂದ ನೀರು ಜೋರಾಗಿ ಬರುವುದು ಕೆಳಗಿನ ಮನೆಗೇ ಎಂದು ಪ್ಲಂಬರ್ ಹೇಳಿದರೂ ಅವಳು ನಂಬಲಿಲ್ಲ.

ಮೇಲಿನ ಮನೆಯ ಮಗಳು ಪುಟ್ಟಿಗೆ ಹನ್ನೆರಡು ವರ್ಷ. ಕೆಳಗಿನ ಮನೆಯ ಚಿನ್ನಿ ಅವಳಿಗಿಂತ ಒಂದು ವರ್ಷ ಚಿಕ್ಕವಳು. ಇಬ್ಬರೂ ಹತ್ತಿರದ ಬ್ಯಾಡ್ಮಿಂಟನ್ ಕ್ಲಬ್ಬಿಗೆ ಹೋಗುತ್ತಿದ್ದರು. ಅಲ್ಲಿ ಕಲಿಸುತ್ತಿದ್ದವರು ಸಂಬಳ ತೆಗೆದುಕೊಳ್ಳದ ಒಬ್ಬ ಸ್ವಯಂಸೇವಕರು. ಸದಾ ನಗುತ್ತಿದ್ದುದರಿಂದ ಎಲ್ಲರೂ ಅವರನ್ನು ‘ನಗುಮುಖದ ಸರ್’ ಎನ್ನುತ್ತಿದ್ದರು.

ಒಂದು ದಿನ ಸರ್ ಪುಟ್ಟಿಯನ್ನು ‘ಸ್ಪೆಷಲ್ ಕೋಚಿಂಗ್’ಗೆ ಆರಿಸಿಕೊಂಡರು. ಉಳಿದ ಮಕ್ಕಳು ಹೋದ ಮೇಲೆ ಅವಳೊಬ್ಬಳಿಗೇ ಅಭ್ಯಾಸ. ಮುಗಿದ ಮೇಲೆ ತಮ್ಮ ಕಾರಿನಲ್ಲೇ ತಂದು ಬಿಡುತ್ತಿದ್ದರು. ಹೊಸ ರ್‍ಯಾಕೆಟ್ಟನ್ನೂ ಅವರೇ ಕೊಡಿಸಿದರು.

ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿದಾಗಲೆಲ್ಲ ಕಿರಿಯವಳು ಅಡುಗೆಮನೆಯ ಕಿಟಕಿಗೆ ಓಡುತ್ತಿದ್ದಳು.

“ನಮ್ಮ ಚಿನ್ನಿಗೇನಾಗಿದೆ? ಅವಳಿಗೆ ಕೈಕಾಲಿಲ್ವಾ?” ಎಂದು ಗಂಡನ ಮುಂದೆ ಪಾತ್ರೆ ಕುಕ್ಕಿದಳು.

“ಆಟ ತಾನೇ, ಆಡ್ಕೊಳ್ಳಿ ಬಿಡೇ,” ಎಂದ ಅವನು.

“ನಿಮಗೆ ಹೇಳಿದ್ನಲ್ಲ, ನನಗೆ ಬುದ್ಧಿ ಇಲ್ಲ!”

ಮರುದಿನವೇ ಅವಳು ಕ್ಲಬ್ಬಿಗೆ ಹೋಗಿ ಸರ್ ಮುಂದೆ ನಿಂತಳು. “ನಮ್ಮ ಮಗೂನೂ ಸ್ವಲ್ಪ ನೋಡ್ಕೊಳ್ಳಿ ಸರ್.”

ಸರ್ ನಕ್ಕರು. “ಎಲ್ಲರನ್ನೂ ತಗೊಳ್ಳೋಕಾಗಲ್ಲಮ್ಮ. ಜಾಗ ಖಾಲಿಯಾದ್ರೆ ಹೇಳ್ತೀನಿ.”

ಕಿರಿಯವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಆ ವಾರ ಅಲ್ಲಿಗೆ ನರ್ಸಕ್ಕ ಬಂದಳು. ಅವಳು ಮಕ್ಕಳ ವಾರ್ಡಿನ ನರ್ಸು; ಅವಳ ಮಗನೂ ಅದೇ ಕ್ಲಬ್ಬಿನಲ್ಲಿ ಆಡುತ್ತಿದ್ದ. ಕನ್ನಡಕದ ಕಡ್ಡಿ ಸಡಿಲವಾಗಿತ್ತು. ಸ್ಕ್ರೂ ಬಿಗಿ ಮಾಡುತ್ತಿದ್ದಾಗ ನರ್ಸಕ್ಕ ಹೇಳಿದಳು: “ಕ್ಲಬ್ಬಿನಲ್ಲಿ ಮಕ್ಕಳ ಸುರಕ್ಷತೆ ಜವಾಬ್ದಾರಿ ನಂಗೆ ಕೊಟ್ಟಿದ್ದಾರೆ. ಇನ್ಮೇಲೆ ಸ್ವಯಂಸೇವಕರ ಹಿನ್ನೆಲೆ ವಿಚಾರಿಸಿಯೇ ಸೇರಿಸ್ಕೊಳ್ಳೋದು. ಈಗಿರೋರನ್ನೂ ವಿಚಾರಿಸ್ತೀವಿ.”

ಕಿರಿಯವಳ ಮುಖ ಗಂಟಾಯಿತು. “ಬಿಟ್ಟಿ ದುಡಿಯೋರಿಗೆ ಪರೀಕ್ಷೆ ಬೇರೆಯಾ? ನಾಳೆ ಸರ್ ಬೇಜಾರಾಗಿ ಬಿಟ್ಟು ಹೋದ್ರೆ?”

“ಮನೆಗೆಲಸಕ್ಕೆ ಯಾರನ್ನಾದ್ರೂ ಸೇರಿಸ್ಕೊಳ್ಳೋವಾಗ, ಮೊದಲು ಎಲ್ಲಿದ್ರಿ, ಯಾಕೆ ಬಿಟ್ರಿ ಅಂತ ಕೇಳ್ತೀವಾ ಇಲ್ವಾ? ಪಾತ್ರೆ ಪಗಡ ಒಪ್ಪಿಸೋಕೇ ಅಷ್ಟು ಕೇಳ್ತೀವಿ. ಮಕ್ಕಳನ್ನ ಒಪ್ಪಿಸೋಕೆ ಕೇಳ್ಬಾರ್ದಾ?”

“ಅವರ ಮುಖ ನೋಡಿದ್ರೇ ಗೊತ್ತಾಗುತ್ತೆ ಒಳ್ಳೇವ್ರು ಅಂತ.”

“ಮುಖದಲ್ಲಿ ಗೊತ್ತಾಗೋ ಹಾಗಿದ್ರೆ ನನ್ನ ವಾರ್ಡಿಗೆ ಬರೋ ಎಷ್ಟೋ ಮಕ್ಕಳು ಅಲ್ಲಿ ಇರ್ತಿರಲಿಲ್ಲ ತಂಗಿ,” ಎಂದಳು ನರ್ಸಕ್ಕ ಮೆತ್ತಗೆ. “ಇದು ಯಾರೋ ಒಬ್ಬರ ಮೇಲಿನ ಅನುಮಾನ ಅಲ್ಲ. ಎಲ್ಲರಿಗೂ ಒಂದೇ ನಿಯಮ. ಮೊದಲು ನನ್ನನ್ನೇ ವಿಚಾರಿಸಿದ್ರು. ಗುರುತಿನ ಚೀಟಿ, ಪೊಲೀಸ್ ಪರಿಶೀಲನೆ, ಹಿಂದೆ ಕೆಲಸ ಮಾಡಿದ ಕಡೆ ಫೋನು, ಎಲ್ಲಾ ಆಯ್ತು. ಅಷ್ಟಾದ್ರೂ ಯಾವ ಮಗು ಜೊತೇನೂ ನಾನೊಬ್ಬಳೇ ಇರೋ ಹಾಗಿಲ್ಲ. ಇನ್ನೊಂದು ವಿಷಯ. ಮಗು ಏನಾದ್ರೂ ಹೇಳೋಕೆ ಬಂದ್ರೆ ಗದರಬೇಡ. ಸುಮ್ಮನೆ ಕೇಳಿಸ್ಕೋ.”

ನರ್ಸಕ್ಕ ಹೋದ ಮೇಲೆ ಕಿರಿಯವಳು ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವವಳಿಗೆ ಹೇಳಿದಳು: “ಅವಳ ಮಗನ್ನ ಸರ್ ಆರಿಸಿಲ್ಲ ನೋಡು, ಅದಕ್ಕೇ ಹೊಟ್ಟೆಕಿಚ್ಚು.”

ಅಷ್ಟರಲ್ಲಿ ಪುಟ್ಟಿ ಆಟಕ್ಕೆ ಹೋಗುವುದನ್ನು ನಿಲ್ಲಿಸಿದಳು. ಒಂದು ದಿನ ಹೊಟ್ಟೆನೋವು, ಇನ್ನೊಂದು ದಿನ ತಲೆನೋವು. “ಅಷ್ಟು ಒಳ್ಳೆ ಸರ್ ಸಿಕ್ಕಿದ್ದಾರೆ, ಸೋಮಾರಿತನ ನಿಂಗೆ!” ಎಂದು ಹಿರಿಯವಳು ಬೈಯುವುದು ಕೆಳಗಿನ ಮನೆಗೂ ಕೇಳಿಸುತ್ತಿತ್ತು. ಕಿರಿಯವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳು ಹೇಳುವುದೇಕೆ, ಆಯಿತು.

ಆ ವಾರದಲ್ಲೇ ಸರ್ ಸಂದೇಶ ಕಳಿಸಿದರು. “ಜಾಗ ಖಾಲಿ ಇದೆ. ಶನಿವಾರದಿಂದ ಚಿನ್ನಿಯನ್ನು ಕಳಿಸಿ. ನೀವು ಬರಬೇಡಿ, ಅಮ್ಮ ಎದುರಿಗಿದ್ದರೆ ಮಕ್ಕಳಿಗೆ ಗಮನ ಇರುವುದಿಲ್ಲ.”

ಅವಳು ಮೆಟ್ಟಿಲು ಹಾರಿಕೊಂಡೇ ಮೇಲೆ ಹೋದಳು. “ಅಕ್ಕಾ, ಸರ್ ನಮ್ಮ ಚಿನ್ನೀನ ಕರೆದಿದ್ದಾರೆ! ನಿಮ್ಮವಳು ಬಿಟ್ಟ ಜಾಗ ಅಂತೆ.”

ಹಿರಿಯವಳ ಮುಖ ಸಪ್ಪಗಾಯಿತು. “ಒಳ್ಳೇದಾಯ್ತು ಬಿಡು,” ಎಂದು ಒಳಗೆ ಹೋದಳು.

ಕಿರಿಯವಳು ಗೆದ್ದವಳ ಹಾಗೆ ಇಳಿದು ಬರುತ್ತಿದ್ದಾಗ ಹಿಂದಿನಿಂದ ಯಾರೋ ಸೆರಗು ಎಳೆದರು. ಪುಟ್ಟಿ.

“ಚಿಕ್ಕಮ್ಮ, ಚಿನ್ನೀನ ಕಳಿಸ್ಬೇಡಿ.”

“ಯಾಕೆ? ಅವಳು ನಿನಗಿಂತ ಮುಂದೆ ಹೋಗ್ತಾಳೆ ಅಂತ ಹೊಟ್ಟೆಕಿಚ್ಚಾ?”

ಪುಟ್ಟಿ ತಲೆ ತಗ್ಗಿಸಿದಳು. ಸೆರಗು ಮಾತ್ರ ಬಿಡಲಿಲ್ಲ. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

ಕಿರಿಯವಳಿಗೆ ಹೊಟ್ಟೆಕಿಚ್ಚು ಹೇಗಿರುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ಇದು ಅದಲ್ಲ. ಮಗು ಹೆದರಿತ್ತು. ಗದರಬೇಡ ಎಂದ ನರ್ಸಕ್ಕನ ಮಾತು ನೆನಪಾಯಿತು. ಅವಳು ಮೆಟ್ಟಿಲ ಮೇಲೆ ಕುಳಿತು, ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು.

“ತಪ್ಪಾಯ್ತು ಕಂದ. ಹೇಳು. ನಾನು ಬೈಯಲ್ಲ.”

ಬಹಳ ಹೊತ್ತಿನ ಮೇಲೆ ಪುಟ್ಟಿ ಬಾಯಿ ಬಿಟ್ಟಳು. “ಕಾರಲ್ಲಿ ನನ್ನ ಕಾಲ ಮೇಲೆ ಕೈ ಇಡ್ತಾರೆ. ತೆಗೀರಿ ಅಂದ್ರೆ ನಗ್ತಾರೆ. ಮನೇಲಿ ಫೋಟೊ ತೆಗೆದು ಕಳಿಸು ಅಂದ್ರು, ಯಾರಿಗೂ ಹೇಳ್ಬೇಡ ಅಂದ್ರು. ಹೇಳಿದ್ರೆ ಚಿನ್ನೀನ ತಗೊಳ್ತೀನಿ, ನಿಮ್ಮ ಚಿಕ್ಕಮ್ಮ ಕಾಯ್ತಾ ಇದ್ದಾರೆ, ತಕ್ಷಣ ಕಳಿಸ್ತಾರೆ ಅಂದ್ರು.”

ಕಿರಿಯವಳ ಹೊಟ್ಟೆಯ ಉರಿ ಆ ಮನುಷ್ಯನಿಗೂ ಗೊತ್ತಿತ್ತು. ಅದನ್ನೇ ಇಟ್ಟುಕೊಂಡು ಅವನು ಮಗುವಿನ ಬಾಯಿ ಕಟ್ಟಿದ್ದ.

“ನಿಂದೇನೂ ತಪ್ಪಿಲ್ಲ. ಹೇಳಿದ್ದು ಒಳ್ಳೇದಾಯ್ತು,” ಎಂದು ಕೈ ಹಿಡಿದು ಮೇಲೆ ಕರೆದೊಯ್ದಳು.

ವಿಷಯ ಕೇಳಿ ಹಿರಿಯವಳು ಸಿಡಿದಳು. “ನಮ್ಮ ಮನೇಲಿ ಏನು ಒಳ್ಳೇದಾದ್ರೂ ನಿಂಗೆ ಸಹಿಸಲ್ಲ. ಈಗ ಜಾಗ ನಿಮಗೆ ಸಿಕ್ತಲ್ಲ, ಇನ್ನೂ ಯಾಕೆ ಈ ಕಥೆ ಕಟ್ತೀಯ?”

“ಹೌದಕ್ಕ. ನಿಮ್ಮನ್ನ ನೋಡಿ ಉರ್ಕೊಂಡಿದ್ದೀನಿ. ಇಲ್ಲ ಅನ್ನಲ್ಲ,” ಎಂದಳು ಕಿರಿಯವಳು. “ಆದ್ರೆ ಇದು ನನ್ನ ಮಾತಲ್ಲ, ಮಗು ಮಾತು. ನನ್ನನ್ನ ನಂಬಬೇಡಿ. ಅವಳನ್ನ ನಂಬಿ.”

ಹಿರಿಯವಳು ಮಗಳ ಕಡೆ ತಿರುಗಿದಳು. ಪುಟ್ಟಿ ಅಮ್ಮನ ಮುಖವನ್ನೇ ನೋಡುತ್ತ ನಿಂತಿದ್ದಳು. ಹಿರಿಯವಳು ಅಲ್ಲೇ ನೆಲದ ಮೇಲೆ ಕುಸಿದು ಮಗಳನ್ನು ಅಪ್ಪಿಕೊಂಡಳು. “ಹೊಟ್ಟೆನೋವು ಅಂದಾಗಲೆಲ್ಲ ಬೈದೆನಲ್ಲೇ ನಾನು,” ಎಂದು ಅತ್ತಳು.

ನರ್ಸಕ್ಕನಿಗೆ ಫೋನ್ ಮಾಡಿದರು. ಅವಳು ಬಂದಳು. ಪುಟ್ಟಿಯನ್ನು ಮತ್ತೆ ಮತ್ತೆ ಪ್ರಶ್ನೆ ಕೇಳಲಿಲ್ಲ. “ಫೋನಿನಲ್ಲಿರೋ ಸಂದೇಶ ಅಳಿಸಬೇಡಿ. ಅವನ ಹತ್ರ ಜಗಳಕ್ಕೂ ಹೋಗಬೇಡಿ,” ಎಂದು ತಾನೇ ಮಕ್ಕಳ ಸಹಾಯವಾಣಿಗೆ ಕರೆ ಮಾಡಿದಳು, ಪೊಲೀಸರ ಬಳಿಗೂ ಜೊತೆಗೆ ಹೋದಳು. ಆ ದಿನದಿಂದಲೇ ಅವನು ಅಲ್ಲಿಗೆ ಕಾಲಿಡದ ಹಾಗೆ ಕ್ಲಬ್ಬಿನವರು ಮಾಡಿದರು.

ಅವನು ಮೊದಲಿದ್ದ ಕ್ಲಬ್ಬನ್ನೂ ನರ್ಸಕ್ಕ ವಿಚಾರಿಸಿದಳು. ಅಲ್ಲಿಯ ಕಾರ್ಯದರ್ಶಿ ತಡವರಿಸುತ್ತ ಹೇಳಿದರು: “ಇಬ್ಬರು ತಾಯಂದಿರು ದೂರು ಹೇಳಿದ್ರು. ಕ್ಲಬ್ಬಿನ ಹೆಸರು ಕೆಡುತ್ತೆ ಅಂತ ಸುಮ್ಮನೆ ಬಿಡಿಸಿ ಕಳಿಸಿದ್ವಿ. ನಿಮ್ಮ ಕಡೆಯಿಂದ ಯಾರೂ ಕೇಳಲೇ ಇಲ್ಲವಲ್ಲ.”

ಒಂದೇ ಒಂದು ಫೋನು. ಅವನನ್ನು ಸೇರಿಸಿಕೊಳ್ಳುವ ದಿನ ಅದನ್ನು ಯಾರೂ ಮಾಡಿರಲಿಲ್ಲ.

ಈಗ ಅವನ ಮೇಲೆ ಕೇಸು ನಡೆಯುತ್ತಿದೆ. ಪುಟ್ಟಿ ಒಬ್ಬ ಆಪ್ತಸಮಾಲೋಚಕಿಯ ಬಳಿ ಹೋಗಿ ಮಾತಾಡಿ ಬರುತ್ತಾಳೆ. ಕೆಲವು ತಿಂಗಳ ಮೇಲೆ ತಾನಾಗಿಯೇ ರ್‍ಯಾಕೆಟ್ ಕೇಳಿದಳು. ಅವನು ಕೊಡಿಸಿದ್ದು ಬೇಡ ಎಂದಳು. ಚಿನ್ನಿ ತನ್ನದನ್ನೇ ಕೊಟ್ಟಳು.

ಕ್ಲಬ್ಬಿಗೆ ಹೊಸದಾಗಿ ಕಲಿಸಲು ಬಂದವರು ಒಬ್ಬ ಬಸ್ ಡ್ರೈವರ್. ಹಿನ್ನೆಲೆ ವಿಚಾರಿಸಬೇಕು ಎಂದಾಗ ಅವರು, “ವಿಚಾರಿಸದೆ ಸೇರಿಸ್ಕೊಂಡಿದ್ರೆ ನಾನೇ ನನ್ನ ಮಕ್ಕಳನ್ನ ಇಲ್ಲಿಗೆ ಕಳಿಸ್ತಿರಲಿಲ್ಲ,” ಎಂದರು. ಅಭ್ಯಾಸದ ಹೊತ್ತಿನಲ್ಲಿ ಇಬ್ಬರು ದೊಡ್ಡವರು ಇರಲೇಬೇಕು. ಬಾಗಿಲು ತೆರೆದಿರುತ್ತದೆ. ಮಕ್ಕಳಿಗೆ ಯಾರೂ ಗುಟ್ಟಾಗಿ ಸಂದೇಶ ಕಳಿಸುವಂತಿಲ್ಲ, ಒಬ್ಬರೇ ಕಾರಿನಲ್ಲಿ ಕರೆದೊಯ್ಯುವಂತಿಲ್ಲ. ಹೆಚ್ಚಿನ ದಿನಗಳಲ್ಲಿ ಆ ಎರಡನೆಯ ದೊಡ್ಡವರಾಗಿ ಬೆಂಚಿನ ಮೇಲೆ ಕೂರುವುದು ನಮ್ಮ ಕಿರಿ ಸೊಸೆಯೇ. ಅವಳ ಹಿನ್ನೆಲೆಯನ್ನೂ ವಿಚಾರಿಸಿದ್ದಾರೆ. ಪುಟ್ಟಿ ಚಿನ್ನಿಯನ್ನು ಸೋಲಿಸಿದಾಗ ಅವಳಿಗೆ ಈಗಲೂ ಒಳಗೊಳಗೇ ಚುರ್ ಎನ್ನುತ್ತದೆ. ಆದರೂ ಚಪ್ಪಾಳೆ ತಟ್ಟುತ್ತಾಳೆ.

ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಗುವಿಗೆ ಆಟ ಕಲಿಸುವವರು ಯಾರು? ಮೊದಲು ಎಲ್ಲಿದ್ದರು? ಅಲ್ಲಿಗೆ ಯಾರಾದರೂ ಫೋನ್ ಮಾಡಿ ಕೇಳಿದ್ದಾರೆಯೇ? ನಾಳೆ ಕ್ಲಬ್ಬಿಗೆ ಹೋದಾಗ ಇದನ್ನು ಕೇಳಿ. ಸಂಕೋಚ ಬೇಡ. ಮಕ್ಕಳ ಮೇಲೆ ನಿಜವಾದ ಪ್ರೀತಿ ಇರುವವರು ಬೇಸರ ಮಾಡಿಕೊಳ್ಳುವುದಿಲ್ಲ. ಪರಿಶೀಲನೆಯಲ್ಲಿ ಏನೂ ಸಿಗಲಿಲ್ಲವೆಂದು ಮೈಮರೆಯಲೂ ಬೇಡಿ. ಯಾರೇ ಆಗಲಿ, ಮಗುವಿನ ಜೊತೆ ಒಬ್ಬರೇ ಇರಬಾರದು. ನಿಮ್ಮ ಮಗುವನ್ನು ಒಬ್ಬರು ವಿಶೇಷವಾಗಿ ಆರಿಸಿಕೊಂಡು, ನೀವು ಬರಬೇಡಿ ಎಂದರೆ, ಅಂದೇ ಹೋಗಿ ಅಲ್ಲಿ ಕುಳಿತುಕೊಳ್ಳಿ. ಚೆನ್ನಾಗಿ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಆಟ ಬೇಡವೆಂದರೆ ಸೋಮಾರಿತನ ಎನ್ನಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು, ಅದು ಬಾಯಿ ಬಿಡುವವರೆಗೆ ಕಾಯಿರಿ. ಹೇಳಿದ್ದನ್ನು ನಂಬಿರಿ.