ಮಾತ್ರೆ ಇಳಿಸಿ ಕ್ರೇನ್ ಹತ್ತಿದ ಅತ್ತಿಗೆ

ಆ ಕಟ್ಟಡದ ಸೈಟಲ್ಲಿ ಅತ್ತಿಗೆ ಅಂದ್ರೆ ಒಬ್ಬಳೇ, ಕ್ರೇನ್ ಆಪರೇಟರ್. ಕೆಳಗಿಂದ ಸಿಗ್ನಲ್ ಕೊಡೋ ಮೈದುನ ವಾಕಿಟಾಕಿಯಲ್ಲಿ ಹಾಗೆ ಕರೆದೂ ಕರೆದೂ, ಇಂಜಿನಿಯರ್‌ಗಳಿಗೂ ಅವಳು ಅತ್ತಿಗೆನೇ ಆಗಿಬಿಟ್ಟಿದ್ಲು. ಅಷ್ಟೆತ್ತರದ ಆ ಕ್ರೇನ್ ಕ್ಯಾಬಿನ್ ಅವಳಿಗೆ ತವರುಮನೆ ಇದ್ದಂಗೆ.

ಒಂದಿನ ಗಾಳಿಗೆ ಲೋಡು ಜೋರಾಗಿ ಓಲಾಡ್ತು. ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಅವತ್ತಿಂದ ಅವಳ ಎದೆ ಡವಡವ, ನಿದ್ದೆ ದೂರ. ಡಾಕ್ಟರಮ್ಮ ಎರಡು ವಾರಕ್ಕೆ ಅಂತ ಗಾಬರಿ ತಗ್ಗಿಸೋ ಮಾತ್ರೆ ಬರೆದು, "ಜೊಂಪು ಬರುತ್ತೆ, ಕೈ ನಿಧಾನ ಆಗುತ್ತೆ. ಇದು ಮುಗಿಯೋ ತನಕ ಕ್ರೇನ್ ಮುಟ್ಟಬೇಡಿ" ಅಂದ್ರು. ಅತ್ತಿಗೆ ಸ್ಟೋರಲ್ಲಿ ಕೂತು ಹೆಲ್ಮೆಟ್ ಹಂಚೋಕೆ ಶುರು ಮಾಡಿದ್ಲು. ಮಾತ್ರೆ ಹಾಯಾಗಿತ್ತು ನೋಡಿ, ಮೆಡಿಕಲ್ ಶಾಪಲ್ಲಿ ಹಳೇ ಚೀಟೀನೇ ತೋರಿಸಿ ತೋರಿಸಿ ನಾಲ್ಕು ತಿಂಗಳು ನುಂಗಿದ್ಲು! ಆಮೇಲೆ ಕ್ಯಾಬಿನ್ ಆಸೆ ತಡೀಲಾರದೆ, ಒಂದು ಸೋಮವಾರ ಮಾತ್ರೆ ಪೂರ್ತಿ ಬಿಟ್ಟೇಬಿಟ್ಲು.

ಬುಧವಾರದ ಹೊತ್ತಿಗೆ ಕೈ ಗಡಗಡ, ಮೈಯೆಲ್ಲಾ ಬೆವರು. ಮೈದುನ ಡಾಕ್ಟರಮ್ಮನ ಹತ್ರ ಎಳ್ಕೊಂಡು ಹೋದ.

"ಹುಕ್ಕಲ್ಲಿರೋ ಲೋಡನ್ನ ಒಂದೇ ಸಲ ಬಿಟ್ಬಿಡ್ತೀರಾ?" ಅಂದ್ರು ಡಾಕ್ಟರಮ್ಮ.

"ಅಯ್ಯೋ, ಬಿಟ್ರೆ ಹೆಣ ಬೀಳುತ್ತೆ!"

"ಮತ್ತೆ ಮಾತ್ರೆ ಹೆಂಗೆ ಬಿಟ್ರಿ? ಮಿದುಳಲ್ಲಿ ಗದ್ದಲ ಅಡಗಿಸೋ ಒಂದು ರಾಸಾಯನಿಕ ಇದೆ, ಈ ಮಾತ್ರೆ ಅದಕ್ಕೆ ಬಲ ಕೊಡುತ್ತೆ. ತಿಂಗಳುಗಟ್ಟಲೆ ತಗೊಂಡ್ರೆ ಮಿದುಳು ಅದಕ್ಕೇ ಒಗ್ಗಿಬಿಡುತ್ತೆ. ಥಟ್ಟಂತ ನಿಲ್ಲಿಸಿದ್ರೆ ಗದ್ದಲ ದುಪ್ಪಟ್ಟಾಗುತ್ತೆ, ಫಿಟ್ಸೂ ಬರಬಹುದು."

"ದಿನಾ ನಮಗೆ 'ಲೋಡು ನಿಧಾನಕ್ಕೇ ಇಳೀಬೇಕು ಕಣ್ರೋ' ಅಂತ ಬೈತಿದ್ದೋರು ಅತ್ತಿಗೇನೇ ಡಾಕ್ಟ್ರೇ!" ಅಂದ ಮೈದುನ.

"ಬಾಯಿ ಮುಚ್ಚೋ!" ಅಂತ ಗದರಿದ್ಲು ಅತ್ತಿಗೆ.

ಮತ್ತೆ ಮಾತ್ರೆ ಶುರುವಾಯ್ತು. ಡಾಕ್ಟರಮ್ಮ ಹೇಳಿದಷ್ಟೇ, ಹೇಳಿದಾಗಲೇ, ಚೂರು ಚೂರೇ ಇಳಿಸಿದ್ಲು. ಜೊತೆಗೆ ಎದೆ ಹೊಡ್ಕೊಂಡಾಗ ಉಸಿರು ಹಿಡಿತಕ್ಕೆ ತರೋದನ್ನೂ ಕಲಿತಳು. ಕೆಲವು ವಾರ ಸಾಕಪ್ಪಾ ಸಾಕು ಅನ್ನಿಸ್ತು. ಆದ್ರೂ ಪಟ್ಟು ಬಿಡ್ಲಿಲ್ಲ. ಐದು ತಿಂಗಳಿಗೆ ಮಾತ್ರೆ ಸೊನ್ನೆ! ಇನ್ನೂ ಕೆಲವು ವಾರ ಕಾದು, ಪರೀಕ್ಷೆ ಮಾಡಿ, ಡಾಕ್ಟರಮ್ಮ ಕ್ರೇನ್ ಹತ್ತಬಹುದು ಅನ್ನೋ ಸರ್ಟಿಫಿಕೇಟ್‌ಗೆ ಸಹಿ ಹಾಕಿದ್ರು.

ಏಣಿ ಹತ್ತಿದ್ಲು ನೋಡಿ ಅತ್ತಿಗೆ! ಮೊದಲ ಲೋಡೇ ಗೋಡೆಯಗಲದ ಗಾಜು. ಗಾಳಿ ಬೀಸ್ತು, ಗಾಜು ಓಲಾಡ್ತು, ಎದೆ ಡವಡವ ಅಂತು. ಅನ್ಲಿ ಬಿಡು, ಅಂದ್ಕೊಂಡು ಲೋಡು ಹಾಗೇ ಹಿಡಿದು, ಗಾಳಿ ತಗ್ಗೋ ತನಕ ಕಾದಳು.

"ಎಡಕ್ಕೆ ಎರಡಿಂಚು... ಇನ್ನೊಂಚೂರು... ಕೂತ್ಕೊಂತು ಅತ್ತಿಗೇ! ಕೂದಲೆಳೆಯಷ್ಟೂ ಸಂದಿಲ್ಲ!" ವಾಕಿಟಾಕಿಯಲ್ಲಿ ಕೂಗಿದ ಮೈದುನ.

ಕೆಳಗೆ ಎಲ್ಲರೂ ಹೋ ಅಂತ ಶಿಳ್ಳೆ ಹೊಡೆದ್ರು.

"ಶಿಳ್ಳೆ ಸಾಕು," ಅಂದ್ಲು ಅತ್ತಿಗೆ, ನಗು ತಡೀಲಾರದೆ. "ಮುಂದಿನ ಗಾಜು ಕಟ್ರೋ, ಸೋಮಾರಿಗಳಾ!"